ಸಸಿಯ ಟ್ರೇ ಮರಳಿ ಕಾರ್ಖಾನೆಗೆ

ಬೇಸಗೆಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಸಂಚರಿಸಿದವರು ಹೊಗೆಸೊಪ್ಪಿನ ಸಸಿಗಳನ್ನು ಹೊತ್ತ ಕಪ್ಪು ಟ್ರೇಗಳನ್ನು ಕಂಡಿರಬಹುದು. ಒಂದೊಂದು ಗುಳಿಯಲ್ಲಿಯೂ ತೆಂಗಿನ ನಾರಿನ ಪುಡಿ; ಅದರಲ್ಲೊಂದು ಎಳೆಯ ಸಸಿ. ಬೇರಿಗೆ ಘಾಸಿಯಾಗದಂತೆ ಎತ್ತಿ ಹೊಲದಲ್ಲಿ ನೆಡಬಹುದು. ಒಳ್ಳೆಯ ಉಪಾಯವೇ ಸರಿ. ಆದರೆ ಬಿಸಿಲಿಗೆ ಬಿರಿದು ಹೋದ ಟ್ರೇಯ ಗತಿಯೇನು? ಬೇಲಿಯ ಮೂಲೆಯಲ್ಲಿ ಬಿದ್ದರೆ ಚೂರಾಗಿ ಮಣ್ಣು ಸೇರುತ್ತದೆ. ಸುಟ್ಟರೆ ಹೊಗೆ ಊರನ್ನು ಸೇರುತ್ತದೆ.

ವಾಸ್ತವವಾಗಿ ಅದು ಕಸವಲ್ಲ, ಕಚ್ಚಾಸಾಮಗ್ರಿ. ಕಾಯಿಸಿದರೆ ಮೆತ್ತಗಾಗಿ, ತಣಿದಾಗ ಗಟ್ಟಿಯಾಗುವ ಜಾತಿಯ ಪ್ಲಾಸ್ಟಿಕ್ ಅದು. ತೊಳೆದು, ಪುಡಿಮಾಡಿ, ಕರಗಿಸಿ ಮತ್ತೆ ಅಚ್ಚಿಗೆ ಹಾಕಬಹುದು. ಕಾರ್ಖಾನೆಯಿಂದ ಹೊರಟ ವಸ್ತು ಹೀಗೆ ಕಾರ್ಖಾನೆಗೇ ಮರಳುವ ಏರ್ಪಾಡಿಗೆ ಚಕ್ರೀಯ ಅರ್ಥವ್ಯವಸ್ಥೆ ಎಂದು ಹೆಸರು.

ತೊಡಕು ಇರುವುದು ಬೆರಕೆಯಲ್ಲಿ. ಇಂಥ ಟ್ರೇಗಳನ್ನು ಪಾಲಿಪ್ರೊಪಿಲೀನಿನಿಂದಲೂ ಪಾಲಿಸ್ಟೈರೀನಿನಿಂದಲೂ ಮಾಡುವುದುಂಟು. ಇವೆರಡೂ ಕರಗಿದಾಗ ಎಣ್ಣೆ ನೀರುಗಳಂತೆ ಒಂದಾಗಲೊಲ್ಲವು. ಬೆರಸಿ ಎರಕ ಹೊಯ್ದ ಪದಾರ್ಥವು ಸುಲಭವಾಗಿ ಮುರಿಯುತ್ತದೆ. ದೊಡ್ಡ ಕಾರ್ಖಾನೆಗಳು ಅವಕೆಂಪು ಕಿರಣಗಳಿಂದ ಪ್ಲಾಸ್ಟಿಕ್ಕಿನ ಜಾತಿಯನ್ನು ಗುರುತಿಸುತ್ತವೆ. ಆದರೆ ಟ್ರೇ ಕಪ್ಪು! ಬಿಸಿಲಿನಿಂದ ಕಾಪಾಡಲೆಂದು ಸೇರಿಸಿದ ಇಂಗಾಲದ ಮಸಿಯೇ ಆ ಕಿರಣಗಳನ್ನೂ ನುಂಗಿಬಿಡುತ್ತದೆ.

ಇಲ್ಲಿ ನಮ್ಮ ನೆರವಿಗೆ ಬರುವವನು ಆರ್ಕಿಮಿಡೀಸ್. ಪಾಲಿಪ್ರೊಪಿಲೀನಿನ ಸಾಪೇಕ್ಷ ಸಾಂದ್ರತೆ ಸುಮಾರು 0.9, ಪಾಲಿಸ್ಟೈರೀನಿನದು ಸುಮಾರು 1.05. ಚೂರುಗಳನ್ನು ನೀರಿಗೆ ಹಾಕಿದರೆ ಮೊದಲನೆಯದು ತೇಲುತ್ತದೆ, ಎರಡನೆಯದು ಮುಳುಗುತ್ತದೆ. ನೀರಿಗೆ ಉಪ್ಪನ್ನು ಕರಗುವಷ್ಟೂ ಕರಗಿಸಿರಿ. ದ್ರಾವಣದ ಸಾಂದ್ರತೆ ಸುಮಾರು 1.2ಕ್ಕೆ ಏರಿ, ಮುಳುಗಿದ್ದ ಪಾಲಿಸ್ಟೈರೀನ್ ಮೇಲೇಳುತ್ತದೆ. ಕುಡಿಯುವ ನೀರಿನ ಸೀಸೆಯ ಚೂರು (1.38) ಮಾತ್ರ ತಳದಲ್ಲಿಯೇ ಉಳಿಯುತ್ತದೆ. ಚೂರಿಗೆ ಗಾಳಿಯ ಗುಳ್ಳೆ ಅಂಟಿದ್ದರೆ ಫಲಿತಾಂಶ ಸುಳ್ಳಾದೀತು. ಒಂದು ತೊಟ್ಟು ಸೋಪಿನ ನೀರು ಹಾಕಿ ಕದಡಿರಿ. ಸುಣ್ಣದ ಕಲ್ಲಿನ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಕೂಡ ಮುಳುಗಿ ನಮ್ಮನ್ನು ವಂಚಿಸಬಲ್ಲದು.

ಈ ಚಕ್ರವು ನಿರಂತರವಾಗಿ ತಿರುಗಲಾರದು. ಬಿಸಿಲಿನಲ್ಲಿಯೂ ಕರಗುವಾಗಲೂ ಉದ್ದನೆಯ ಅಣುಸರಪಳಿಗಳು ತುಂಡಾಗುವುದರಿಂದ, ಪ್ರತಿ ಸುತ್ತಿನಲ್ಲಿಯೂ ಒಂದಿಷ್ಟು ಹೊಸ ಪ್ಲಾಸ್ಟಿಕ್ ಬೆರೆಸಬೇಕಾದೀತು.

ಮತ್ತೊಂದು ತೊಡಕು ಕಾನೂನಿನದು. ಉತ್ಪಾದಕರು ತಮ್ಮ ಪ್ಲಾಸ್ಟಿಕ್ಕಿಗೆ ತಾವೇ ಹೊಣೆಗಾರರೆಂದು 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಾವಳಿಯು ಪ್ಯಾಕಿಂಗ್ ಸಾಮಗ್ರಿಗೆ ಸಂಬಂಧಿಸಿದುದು. ಸಸಿಯ ಟ್ರೇ ಪ್ಯಾಕಿಂಗ್ ಅಲ್ಲ; ಆದುದರಿಂದ ಅದು ನುಸುಳಿಕೊಳ್ಳುತ್ತದೆ. ತಯಾರಕರು ಒಂದೇ ಜಾತಿಯ ಪ್ಲಾಸ್ಟಿಕ್ ಬಳಸಿ, ಅದರ ಹೆಸರನ್ನು ಟ್ರೇಯ ಅಡಿಯಲ್ಲಿ ಅಚ್ಚೊತ್ತಿದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧಕ್ಕೆ, ರೈತರು ಬೇಲುಗಳನ್ನು ತರುವ ತಂಬಾಕು ಮಂಡಳಿಯ ಹರಾಜು ಕಟ್ಟೆಗಳೇ ಉಂಟಲ್ಲ! ಒಂದರೊಳಗೊಂದು ಕೂರುವ ಖಾಲಿ ಟ್ರೇಗಳಿಗೆ ಗಾಡಿಯಲ್ಲಿ ಎಷ್ಟು ಜಾಗ ಬೇಕು? ಹರಿದ ಟ್ರೇಗೂ ಅಲ್ಲಿ ನಾಲ್ಕು ಕಾಸು ಹುಟ್ಟುವಂತಾದರೆ, ಅದಕ್ಕೆ ಬೆಂಕಿ ಇಡುವವರು ಯಾರು?