ಡಿಸ್ಲೆಕ್ಸಿಯಾ ಇರುವ ಮಕ್ಕಳ ಮೆದುಳು ಮಾತಿನ ಧ್ವನಿಗಳನ್ನು ಗ್ರಹಿಸುವ ಬಗೆ: ಪೋಷಕರಿಗೆ ಮಾಹಿತಿ

ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಅಥವಾ ಎಸ್.ಎಸ್.ಎಲ್.ಸಿ. ಪರೀಕ್ಷೆಯ ವಿನಾಯಿತಿಗಾಗಿ ಅರ್ಜಿ ಸಲ್ಲಿಸಲು ಇಚ್ಛಿಸುವ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಹಾಗೂ ಕೆಂಗೇರಿ ಭಾಗದ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಗುವಿನ ಕಿವಿಯ ಪರೀಕ್ಷೆಯ ವರದಿ ಸರಿಯಾಗಿದೆ, ಕಣ್ಣಿನ ದೋಷವೂ ಇಲ್ಲ, ಮಾತಿನಲ್ಲಿ ಚುರುಕಾಗಿದೆ. ಹೀಗಿದ್ದರೂ ಪಾಠವನ್ನು ಏಕೆ ಓದಲಾರದು ಎಂಬುದು ಬಹುತೇಕ ಪೋಷಕರ ಮೊದಲ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ದೊರೆಯದಿದ್ದಾಗ ಮಗುವಿಗೆ "ಸೋಮಾರಿ" ಎಂಬ ಹೆಸರು ಬರುತ್ತದೆ, ಮತ್ತು ಆ ಹೆಸರು ಹತ್ತನೇ ತರಗತಿಯವರೆಗೂ ಜೊತೆಯಲ್ಲಿರುತ್ತದೆ.

ಡಿಸ್ಲೆಕ್ಸಿಯಾ ಎಂದರೇನು?

ಸಾಕಷ್ಟು ಬುದ್ಧಿಶಕ್ತಿ, ಶಾಲಾ ಶಿಕ್ಷಣ ಮತ್ತು ಪ್ರಯತ್ನ ಇದ್ದರೂ ಓದುವುದರಲ್ಲಿ ಹಾಗೂ ಕಾಗುಣಿತದಲ್ಲಿ ಉಳಿಯುವ ತೊಡಕನ್ನು ಡಿಸ್ಲೆಕ್ಸಿಯಾ ಎನ್ನಲಾಗುತ್ತದೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿರುವ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದಾಗಿದ್ದು, ಡಿಸ್ಲೆಕ್ಸಿಯಾವನ್ನು ಅದರಡಿ ಹೆಸರಿಸಲಾಗಿದೆ. ಅಧಿನಿಯಮವು ಇದನ್ನು ಆಡುವ ಅಥವಾ ಬರೆಯುವ ಭಾಷೆಯ ಸಂಸ್ಕರಣೆಯಲ್ಲಿನ ಕೊರತೆ ಎಂದೇ ಗುರುತಿಸುತ್ತದೆ. ಇದು ಮಾನಸಿಕ ಕಾಯಿಲೆಯಲ್ಲ, ಬುದ್ಧಿಮಾಂದ್ಯವೂ ಅಲ್ಲ.

ಕಿವಿ ಕೇಳುವುದು, ಮೆದುಳು ಬಿಡಿಸುವುದು

"ಪ" ಮತ್ತು "ಬ" ಅಕ್ಷರಗಳನ್ನು ಉಚ್ಚರಿಸುವಾಗ ತುಟಿಗಳ ಚಲನೆ ಒಂದೇ. "ಬ" ಎನ್ನುವಾಗ ತುಟಿ ತೆರೆಯುವುದಕ್ಕೆ ಮೊದಲೇ ಗಂಟಲಿನ ನಾದ ಆರಂಭವಾಗಿರುತ್ತದೆ. "ಪ" ಎನ್ನುವಾಗ ತುಟಿ ತೆರೆದ ಮೇಲೆ ಆರಂಭವಾಗುತ್ತದೆ. ಈ ಅಂತರ ಒಂದು ಸೆಕೆಂಡಿನ ನೂರನೆಯ ಭಾಗಗಳಲ್ಲಿ ಎಣಿಸುವಷ್ಟು ಕಿರಿದು. ಕಿವಿ ಧ್ವನಿಯನ್ನು ತಲುಪಿಸುತ್ತದೆಯಷ್ಟೇ. ಇಂತಹ ಅಂತರಗಳನ್ನು ಗುರುತಿಸಿ ವಿಂಗಡಿಸುವ ಕೆಲಸವನ್ನು ಮೆದುಳಿನ ಶ್ರವಣ ಕ್ಷೇತ್ರವು ಮಾಡುತ್ತದೆ. ಮಗು ತನ್ನ ಮೊದಲ ಹುಟ್ಟುಹಬ್ಬದ ವೇಳೆಗೆ ಮನೆಮಾತಿನ ಧ್ವನಿಗಳಿಗೆ ಹೊಂದಿಕೊಂಡಿರುತ್ತದೆ.

ಡಿಸ್ಲೆಕ್ಸಿಯಾ ಇರುವ ಮಗುವೂ "ಪಾಲು" ಮತ್ತು "ಬಾಲು" ಬೇರೆ ಎಂದು ಸಾಮಾನ್ಯವಾಗಿ ತಿಳಿಯುತ್ತದೆ. ಮೆಟ್ರೊದಲ್ಲಿ ನಿಲ್ದಾಣದ ಹೆಸರನ್ನು ಕೇಳಿ ಇಳಿಯಲು ಅದಕ್ಕೆ ಯಾವ ಕಷ್ಟವೂ ಇಲ್ಲ. ಕಷ್ಟ ಬರುವುದು ಕೇಳಿದ್ದನ್ನು ಒಡೆದು ತುಣುಕಾಗಿಸಬೇಕಾದಾಗ. "ಬಸವೇಶ್ವರನಗರ" ಎಂಬ ಹೆಸರಿನಲ್ಲಿ "ಶ್ವ" ಒಂದೇ ಅಕ್ಷರದಂತೆ ಕಂಡರೂ ಅದರೊಳಗೆ ಶ್, ವ್, ಅ ಎಂಬ ಮೂರು ಧ್ವನಿಗಳಿವೆ. ಇದನ್ನು ಉಕ್ತಲೇಖನದಲ್ಲಿ ಬರೆಯಲು ಮೂರನ್ನೂ ಮನಸ್ಸಿನಲ್ಲಿ ಬಿಡಿಸಿ, ಕ್ರಮದಲ್ಲಿ ಹಿಡಿದಿಟ್ಟುಕೊಂಡು, ಪ್ರತಿಯೊಂದಕ್ಕೂ ತಕ್ಕ ಲಿಪಿಯನ್ನು ನೆನಪಿನಿಂದ ತೆಗೆಯಬೇಕು. ಇತರ ಮಕ್ಕಳಿಗೆ ಅಭ್ಯಾಸದಿಂದ ತಾನಾಗಿ ಒದಗುವ ಈ ಕೆಲಸ ಇಂತಹ ಮಗುವಿಗೆ ಪ್ರತಿ ಬಾರಿಯೂ ಹೊಸದಾಗಿಯೇ ಇರುತ್ತದೆ. ಸಂಜೆಯ ವೇಳೆಗೆ ಮಗು ದಣಿದು ಪುಸ್ತಕವನ್ನು ದೂರ ತಳ್ಳಿದರೆ ಅದನ್ನು ಹಠವೆಂದು ಭಾವಿಸಬಾರದು.

ಮೆದುಳಿನ ಚಿತ್ರಣ ಪರೀಕ್ಷೆಗಳಲ್ಲಿ, ಡಿಸ್ಲೆಕ್ಸಿಯಾ ಇರುವವರು ಓದುವಾಗ ಎಡ ಅರೆಗೋಳದ ಎರಡು ಭಾಗಗಳು ಸರಾಸರಿ ಕಡಿಮೆ ಚಟುವಟಿಕೆ ತೋರುತ್ತವೆ. ಒಂದು, ಧ್ವನಿಯನ್ನು ಅಕ್ಷರಕ್ಕೆ ಜೋಡಿಸುವ ಭಾಗ. ಇನ್ನೊಂದು, ಪರಿಚಿತ ಪದವನ್ನು ನೋಡಿದೊಡನೆ ಗುರುತಿಸುವ ಭಾಗ. ಇದರ ಮೂಲ ಯಾವುದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬೆಲ್ಜಿಯಂನ ಲ್ಯೂವೆನ್ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿಸ್ಲೆಕ್ಸಿಯಾ ಇರುವ ವಯಸ್ಕರ ಮೆದುಳಿನಲ್ಲಿ ಧ್ವನಿಗಳ ಅಚ್ಚು ಸ್ಪಷ್ಟವಾಗಿಯೇ ಇತ್ತು. ಆ ಅಚ್ಚನ್ನು ಬಳಸಿಕೊಳ್ಳುವ ಮುಂಭಾಗದ ಭಾಷಾ ಕ್ಷೇತ್ರಕ್ಕೆ ಇರುವ ಸಂಪರ್ಕ ದುರ್ಬಲವಾಗಿತ್ತು. ಪುಸ್ತಕಗಳು ಕಪಾಟಿನಲ್ಲಿವೆ, ಕಪಾಟಿಗೆ ಹೋಗುವ ದಾರಿ ಇಕ್ಕಟ್ಟಾಗಿದೆ ಎಂದು ಇದನ್ನು ಗ್ರಹಿಸಬಹುದು. ಕೇಂಬ್ರಿಜ್‌ನ ಉಷಾ ಗೋಸ್ವಾಮಿ ಅವರು 2011ರಲ್ಲಿ ಮಂಡಿಸಿದ ವಾದ ಬೇರೆ: ಮಾತಿನ ಲಯದ ಏರಿಳಿತಗಳನ್ನು ಮೆದುಳು ನಿಖರವಾಗಿ ಹಿಂಬಾಲಿಸದಿರುವುದೇ ತೊಡಕಿನ ಬೇರು. ಎರಡೂ ವಿವರಣೆಗಳು ಒಪ್ಪುವ ಸಂಗತಿಯೊಂದಿದೆ. ತೊಂದರೆ ಇರುವುದು ಕಿವಿಯಲ್ಲಲ್ಲ, ಪ್ರಯತ್ನದ ಕೊರತೆಯಲ್ಲೂ ಅಲ್ಲ.

ಸರಾಸರಿಯಲ್ಲಿ ಕಾಣುವ ಇಂತಹ ವ್ಯತ್ಯಾಸದಿಂದ ಒಂದು ಮಗುವಿಗೆ ಡಿಸ್ಲೆಕ್ಸಿಯಾ ಇದೆಯೇ ಇಲ್ಲವೇ ಎಂದು ಹೇಳಲು ಸಾಧ್ಯವಿಲ್ಲ. ಆದುದರಿಂದ ಪ್ರಮಾಣಪತ್ರಕ್ಕೆಂದು ದುಬಾರಿ ಮೆದುಳಿನ ಸ್ಕ್ಯಾನಿಂಗ್ ಮಾಡಿಸುವುದು ಅನವಶ್ಯಕ.

ಕನ್ನಡ ಲಿಪಿಯಲ್ಲಿ ತೊಡಕು ತಡವಾಗಿ ಕಾಣುವುದೇಕೆ?

ಕನ್ನಡದಲ್ಲಿ ಬರೆದಂತೆ ಓದಬಹುದು, ಹಾಗಾಗಿ ನಮ್ಮಲ್ಲಿ ಡಿಸ್ಲೆಕ್ಸಿಯಾ ಇರಲಾರದು ಎಂಬ ನಂಬಿಕೆ ಸರಿಯಲ್ಲ. ಕನ್ನಡದ ಪ್ರತಿ ಅಕ್ಷರವೂ ಸಾಮಾನ್ಯವಾಗಿ ಒಂದು ಉಚ್ಚಾರಕ್ಕೆ ಸಮ. "ವಿಜಯನಗರ" ಎಂಬುದನ್ನು ಆರು ಉಚ್ಚಾರಗಳಾಗಿ ಬಿಡಿಸುವುದು ಸುಲಭ. ಚಪ್ಪಾಳೆ ತಟ್ಟಿದರೂ ಸಾಕು. ಗುಣಿತಾಕ್ಷರ ಮತ್ತು ಒತ್ತಕ್ಷರಗಳು ಬಂದಾಗ ಉಚ್ಚಾರದ ಒಳಗಿನ ಧ್ವನಿಗಳತ್ತ ಗಮನ ಹರಿಸಬೇಕಾಗುತ್ತದೆ. ಕಲಿಯಬೇಕಾದ ಅಕ್ಷರರೂಪಗಳು ಗುಣಿತಗಳನ್ನು ಸೇರಿಸಿದರೆ ನಾನೂರಕ್ಕೂ ಹೆಚ್ಚು. ಕನ್ನಡ ಓದುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಜ್ಞಾನ ಪೂರ್ಣಗೊಳ್ಳಲು ಶಾಲೆಯ ಮೊದಲ ಕೆಲವು ವರ್ಷಗಳೇ ಸಾಲವೆಂದೂ, ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆಂದೂ ತೋರಿಸಿದೆ. ಒಂದನೇ ತರಗತಿಯ ಪದಗಳನ್ನು ಬಾಯಿಪಾಠದ ಬಲದಿಂದ ಓದಿ ದಾಟಿದ ಮಗು ಮೂರನೇ ತರಗತಿಯಲ್ಲಿ ಥಟ್ಟನೆ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣ. ಆಂಗ್ಲ ಮಾಧ್ಯಮದ ಮಕ್ಕಳಲ್ಲಿ ತೊಡಕು ಇನ್ನೂ ಮೊದಲೇ ಕಾಣಬಹುದು, ಏಕೆಂದರೆ ಇಂಗ್ಲಿಷ್ ಕಾಗುಣಿತವು ಬಿಡಿ ಧ್ವನಿಗಳನ್ನೇ ಆಧರಿಸಿದೆ, ಅದೂ ಒಂದೇ ನಿಯಮದಂತಲ್ಲ.

ಯಾವುದು ಡಿಸ್ಲೆಕ್ಸಿಯಾ ಅಲ್ಲ?

ನಗರದ ಪಶ್ಚಿಮ ಭಾಗದ ಶಾಲೆಗಳಲ್ಲಿ ಹಲವು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ತಮಿಳು ಲಿಪಿಯಲ್ಲಿ ಪ ಮತ್ತು ಬ ಧ್ವನಿಗಳಿಗೆ ಒಂದೇ ಅಕ್ಷರ. ಮನೆಯಲ್ಲಿ ತಮಿಳು ಬರೆಯಲು ಕಲಿತ ಮಗು ಕನ್ನಡದಲ್ಲಿ ಇವೆರಡನ್ನು ಬದಲಿಸಿ ಬರೆದರೆ ಅದು ಲಿಪಿಯ ಪ್ರಭಾವವಿರಬಹುದು. ಮನೆಯಲ್ಲಿ "ಹಾಲು" ಎಂಬುದನ್ನು "ಆಲು" ಎನ್ನುವ ಮಗು ಹಾಗೆಯೇ ಬರೆದರೆ, ಅಥವಾ ಮಹಾಪ್ರಾಣವನ್ನು ಬಿಟ್ಟರೆ, ಅದು ಆಡುನುಡಿಯ ಪ್ರಭಾವ. ಇಂತಹ ತಪ್ಪುಗಳು ನಿಯಮಬದ್ಧವಾಗಿರುತ್ತವೆ ಮತ್ತು ತಿದ್ದಿದರೆ ಕ್ರಮೇಣ ಕಡಿಮೆಯಾಗುತ್ತವೆ. ಡಿಸ್ಲೆಕ್ಸಿಯಾದ ತಪ್ಪುಗಳು ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ಬಗೆಯಾಗಿ ತೋರಿಸಬಹುದು. ಈ ಕಾರಣದಿಂದ ಮೌಲ್ಯಮಾಪನಕ್ಕೆ ಹೋಗುವಾಗ ಮಗುವಿನ ಹಳೆಯ ನೋಟ್ ಪುಸ್ತಕಗಳನ್ನು, ತಿದ್ದದೆ, ಹಾಗೆಯೇ ಕೊಂಡೊಯ್ಯುವುದು ಬಹಳ ಉಪಯುಕ್ತ. ಮನೆಯಲ್ಲಿ ಆಡುವ ಭಾಷೆಗಳು ಯಾವುವೆಂದೂ ತಪ್ಪದೆ ತಿಳಿಸಬೇಕು.

ನೆರವಿನಿಂದ ಬದಲಾವಣೆ ಸಾಧ್ಯವೇ?

ಸಾಧ್ಯ. ಧ್ವನಿಗಳನ್ನು ಬಿಡಿಸುವುದು, ಕೂಡಿಸುವುದು, ಕೂಡಲೇ ಅಕ್ಷರಕ್ಕೆ ಜೋಡಿಸುವುದು ಇವುಗಳನ್ನು ಕ್ರಮಬದ್ಧವಾಗಿ ಕಲಿಸಿದಾಗ ಓದು ಸುಧಾರಿಸುತ್ತದೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತರಬೇತಿಯ ನಂತರ ಮಕ್ಕಳ ಎಡ ಮೆದುಳಿನ ಚಟುವಟಿಕೆಯೂ ಹೆಚ್ಚಿದುದು ಕಂಡುಬಂತು. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷದ ಆಟ ಸಾಕು: "ಕೆಂಗೇರಿ"ಯಿಂದ "ಕೆಂ" ತೆಗೆದರೆ ಏನು ಉಳಿಯುತ್ತದೆ? "ಮರ"ದ "ಮ" ತೆಗೆದು "ಬ" ಹಾಕಿದರೆ? ಅದೇ ಪಾಠವನ್ನು ಇಪ್ಪತ್ತು ಬಾರಿ ನಕಲು ಬರೆಸುವುದರಿಂದ ಕೈ ನೋಯುವುದೇ ಹೊರತು ಧ್ವನಿಗಳ ಅರಿವು ಬೆಳೆಯುವುದಿಲ್ಲ.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗಾಗಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಮೌಲ್ಯಮಾಪನದಲ್ಲಿ ದೃಷ್ಟಿ ಮತ್ತು ಶ್ರವಣ ತಪಾಸಣೆ, ಬುದ್ಧಿಶಕ್ತಿ ಪರೀಕ್ಷೆ ಹಾಗೂ ಕಲಿಕಾ ನ್ಯೂನತೆಯ ಪರೀಕ್ಷೆಗಳಿರುತ್ತವೆ. ದೇಶದಲ್ಲಿ ವ್ಯಾಪಕವಾಗಿ ಬಳಸುವ ಪರೀಕ್ಷಾ ಸಮುಚ್ಚಯವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲೇ 1991ರಲ್ಲಿ ರೂಪುಗೊಂಡಿತು. ನಿಮ್ಹಾನ್ಸ್‌ಗೆ ಹೋಗಬೇಕಾದ ಕೆಂಗೇರಿ ಹಾಗೂ ವಿಜಯನಗರದವರು ನೇರಳೆ ಮಾರ್ಗದಲ್ಲಿ, ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿಂದ ಹೊಸೂರು ರಸ್ತೆಯ ಬಸ್ ಹಿಡಿಯಬಹುದು. ಪರೀಕ್ಷೆ ಒಂದೇ ಭೇಟಿಯಲ್ಲಿ ಮುಗಿಯದಿರಬಹುದು. ನಿದ್ದೆಗೆಟ್ಟ ಅಥವಾ ಹಸಿದ ಮಗುವನ್ನು ಪರೀಕ್ಷೆಗೆ ಕೂರಿಸಬಾರದು.

2018ರ ಜನವರಿಯ ಕೇಂದ್ರ ಮಾರ್ಗಸೂಚಿಯು ಎಂಟು ವರ್ಷ ತುಂಬಿದ ಮಕ್ಕಳಿಗೆ ಪ್ರಮಾಣಪತ್ರ ನೀಡಲು ಅವಕಾಶ ಕಲ್ಪಿಸಿತ್ತು. 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಬಂದಿದೆ. ತಮ್ಮ ಮಗುವಿನ ಪ್ರಮಾಣಪತ್ರದಲ್ಲಿ ನಮೂದಿಸಿರುವ ಸಿಂಧುತ್ವದ ಅವಧಿಯನ್ನು ಪೋಷಕರು ಪರಿಶೀಲಿಸಿಕೊಳ್ಳತಕ್ಕದ್ದು.

ಪ್ರಮಾಣಪತ್ರ ದೊರೆತ ಮಾತ್ರಕ್ಕೆ ಪರೀಕ್ಷೆಯ ವಿನಾಯಿತಿ ತಾನಾಗಿ ದೊರೆಯುವುದಿಲ್ಲ. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಭಾಷಾ ವಿಷಯದ ವಿನಾಯಿತಿ ಇವುಗಳಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಆಯಾ ವರ್ಷದ ಸುತ್ತೋಲೆಯಂತೆ ಮುಖ್ಯೋಪಾಧ್ಯಾಯರ ಮೂಲಕ ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸಬೇಕು. ಪರೀಕ್ಷೆಯ ತಿಂಗಳಲ್ಲಿ ಓಡಾಡುವುದಕ್ಕಿಂತ ಒಂಬತ್ತನೇ ತರಗತಿಯಲ್ಲೇ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು ಲೇಸು. ಮೂರನೇ ತರಗತಿಯಲ್ಲೇ ಮಗುವನ್ನು ತೋರಿಸುವುದು ಅದಕ್ಕಿಂತಲೂ ಲೇಸು. ಮೂಲ ಪ್ರಮಾಣಪತ್ರವನ್ನು ತಮ್ಮಲ್ಲೇ ಇರಿಸಿಕೊಂಡು, ಶಾಲೆಗೆ ದೃಢೀಕೃತ ನಕಲನ್ನು ನೀಡಿ ಸ್ವೀಕೃತಿ ಪಡೆಯತಕ್ಕದ್ದು.