ನೌಕರರ ಸಚ್ಚಾರಿತ್ರ್ಯ ಮತ್ತು ಸದಸ್ಯರ ಹೊಣೆ



ಊರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಎಂಬ ಗಣಿಗಳ ಹೆಸರುಗಳು ನಮ್ಮ ಭಾಗದಲ್ಲಿ ಇಂದಿಗೂ ಮನೆಮಾತಾಗಿವೆ. 2001ರ ಫೆಬ್ರವರಿ 28ರ ಹೊತ್ತಿಗೆ ಮುಚ್ಚಿಹೋದ ಈ ಗಣಿಗಳಲ್ಲಿ, ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕರು ಚಿನ್ನವನ್ನು ಒಯ್ಯದಂತೆ ತಪಾಸಣೆ ಮಾಡಲಾಗುತ್ತಿತ್ತು. ಆದರೆ ಕಾರ್ಮಿಕರನ್ನು ಆಳಕ್ಕೆ ಇಳಿಸಿ ಮೇಲಕ್ಕೆ ತರುತ್ತಿದ್ದ ಯಂತ್ರಚಾಲಕನ ಎಚ್ಚರಿಕೆಯನ್ನು ಯಾವ ತಪಾಸಣೆಯಿಂದ ಅಳೆಯಲು ಸಾಧ್ಯವಿತ್ತು? ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳದಲ್ಲಿದ್ದವರ ಜೀವವು ಆ ಚಾಲಕನ ನಿಷ್ಠೆಯನ್ನು ಅವಲಂಬಿಸಿತ್ತು. ಜೇಬನ್ನು ಶೋಧಿಸಬಹುದು, ನಡತೆಯನ್ನು ಶೋಧಿಸಲಾಗದು.

ಗ್ರಾಮ ಪಂಚಾಯಿತಿಯ ಸ್ಥಿತಿಯೂ ಇದೇ ಆಗಿದೆ. ನೀರುಗಂಟಿ, ಕರವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ಸ್ವಚ್ಛತಾಗಾರ ಇವರೆಲ್ಲರೂ ಬಹುಪಾಲು ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುವವರು. ಆದುದರಿಂದ ಇವರ ವಿಷಯದಲ್ಲಿ ಸಚ್ಚಾರಿತ್ರ್ಯವು ಸಾರ್ವಜನಿಕ ಸೇವೆಯ ಆಧಾರವೇ ಆಗಿದೆ.

ನೀರುಗಂಟಿಯ ಕೆಲಸವನ್ನೇ ನೋಡೋಣ. ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪುಡಿಯಂತೆ, 50,000 ಲೀಟರಿನ ತೊಟ್ಟಿಗೆ 125 ಗ್ರಾಂ ಬೇಕು. ಪುಡಿ ಬೆರೆಸಿದ ಅರ್ಧ ಗಂಟೆಯ ನಂತರವೇ ನೀರು ಬಿಡಬೇಕು. ನಲ್ಲಿಯ ತುದಿಯಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮುಂಜಾನೆ ಐದು ಗಂಟೆಗೆ ತೊಟ್ಟಿಯ ಏಣಿಯ ಮೇಲೆ ಅವನು ಒಬ್ಬನೇ ಇರುತ್ತಾನೆ. ಪುಡಿ ಹಾಕಿದನೇ, ಇಲ್ಲವೇ ಎಂಬುದು ಅವನೊಬ್ಬನಿಗೇ ಗೊತ್ತು.

ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಪಂಚಾಯಿತಿಯಲ್ಲಿ ಕ್ಲೋರಿನೀಕರಣ ವಹಿಯ ಮೂವತ್ತು ದಿನಗಳ ಸಾಲುಗಳೂ ಒಂದೇ ಶಾಯಿಯಲ್ಲಿ, ಒಂದೇ ಅಂಕಿಯೊಂದಿಗೆ ಭರ್ತಿಯಾಗಿದ್ದವು. ನಾನು ನೋಡದೆ ಸಹಿ ಮಾಡಿದೆ. ಮರುವಾರ ಶಾಲೆಯ ನಲ್ಲಿಯ ನೀರನ್ನು ಪರೀಕ್ಷಾ ಕಿಟ್‌ನಲ್ಲಿ ಹಾಕಿದಾಗ ಹಳದಿ ಬಣ್ಣ ಮೂಡಲೇ ಇಲ್ಲ. ದಾಸ್ತಾನಿನ ಪುಡಿಯ ಚೀಲವನ್ನು ಬಿಚ್ಚಿಯೇ ಇರಲಿಲ್ಲ. ವಿಚಾರಿಸಿದಾಗ ನೀರುಗಂಟಿಯು ತಲೆತಗ್ಗಿಸಿ, “ನಾಲ್ಕು ತಿಂಗಳಿಂದ ಸಂಬಳವಿಲ್ಲ, ವಹಿ ತುಂಬಿದ್ದರೆ ಯಾರೂ ಕೇಳುವುದಿಲ್ಲವಲ್ಲ” ಎಂದನು. ಅವನು ತಪ್ಪು ಮಾಡಿದ್ದನು. ವೇತನ ತಡೆದ ಪಂಚಾಯಿತಿಯೂ, ಕಣ್ಣುಮುಚ್ಚಿ ಸಹಿ ಮಾಡಿದ ನಾನೂ ಆ ತಪ್ಪಿನ ಪಾಲುದಾರರಾಗಿದ್ದೆವು. ಅದೃಷ್ಟವಶಾತ್ ಮಕ್ಕಳಿಗೆ ತೊಂದರೆಯಾಗಲಿಲ್ಲ. ಆದರೆ ಅದೃಷ್ಟವನ್ನು ನಂಬಿ ನೀರು ಸರಬರಾಜು ಮಾಡಲಾಗದು.

ಈ ಘಟನೆಯಿಂದ ನಾನು ಕಲಿತದ್ದಿಷ್ಟು: ನೌಕರನ ನಡತೆಯು ಸುತ್ತಲಿನವರ ನಡತೆಯಿಂದ ಬೆಳೆಯುತ್ತದೆ ಅಥವಾ ಕೆಡುತ್ತದೆ. “ನಮ್ಮವರ ಬೀದಿಗೆ ಮೊದಲು ನೀರು ಬಿಡು” ಎಂದು ಸದಸ್ಯರೇ ಹೇಳಿದ ಮೇಲೆ, ಅದೇ ನೌಕರನು ಹಣ ಪಡೆದು ಮತ್ತೊಂದು ಬೀದಿಗೆ ನೀರು ಬಿಟ್ಟಾಗ ಅವನನ್ನು ಪ್ರಶ್ನಿಸುವ ನೈತಿಕ ಬಲ ನಮಗೆ ಉಳಿಯುವುದಿಲ್ಲ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನ್ವಯ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಪೂರ್ವಾನುಮೋದನೆಯೊಂದಿಗೆ ನೌಕರರನ್ನು ನೇಮಿಸುವ ಮತ್ತು ಶಿಸ್ತುಕ್ರಮ ಜರುಗಿಸುವ ಅಧಿಕಾರ ಗ್ರಾಮ ಪಂಚಾಯಿತಿಗಿದೆ. ಅಧಿಕಾರವಿರುವಲ್ಲಿ ಹೊಣೆಯೂ ಇದೆ. ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕೆಂದು ಕೋರುತ್ತೇನೆ.

1. ನೇಮಕದಲ್ಲಿ ಬಂಧುತ್ವ, ಜಾತಿ, ಪಕ್ಷಗಳನ್ನು ಪರಿಗಣಿಸದೆ ಅರ್ಹತೆಯನ್ನೂ ಊರಿನಲ್ಲಿ ಅವರು ಗಳಿಸಿರುವ ವಿಶ್ವಾಸವನ್ನೂ ನೋಡುವುದು.

2. ವೇತನವನ್ನು ಪ್ರತಿ ತಿಂಗಳು ಸಕಾಲದಲ್ಲಿ ಪಾವತಿಸುವುದು. ಬಾಕಿಯನ್ನು ಸಾಮಾನ್ಯ ಸಭೆಯ ವಿಷಯವನ್ನಾಗಿ ಚರ್ಚಿಸುವುದು.

3. ತಿಂಗಳಿಗೊಮ್ಮೆ ತಮ್ಮ ವಾರ್ಡಿನ ಕೊನೆಯ ನಲ್ಲಿಯ ನೀರನ್ನು ತಮ್ಮೆದುರಿನಲ್ಲೇ ಪರೀಕ್ಷೆ ಮಾಡಿಸುವುದು.

4. ತೆರಿಗೆಗೆ ರಸೀದಿ ಕೇಳಿ ಪಡೆಯುವಂತೆ ಜನರಿಗೆ ತಿಳಿಸುವುದು. ವಸೂಲಾದ ಹಣ ಕರವಸೂಲಿಗಾರನ ಕೈಯಲ್ಲಿ ಉಳಿಯದೆ ಪಂಚಾಯಿತಿ ಖಾತೆಗೆ ಜಮೆಯಾಗುವಂತೆ ನೋಡಿಕೊಳ್ಳುವುದು.

5. ನಿಯಮಬಾಹಿರ ಕೆಲಸಕ್ಕೆ “ಆಗುವುದಿಲ್ಲ” ಎಂದ ನೌಕರನ ಬೆಂಬಲಕ್ಕೆ ನಿಲ್ಲುವುದು. ತಪ್ಪೊಪ್ಪಿಕೊಂಡವನಿಗೆ ತಿದ್ದಿಕೊಳ್ಳಲು ಅವಕಾಶ ನೀಡಿ, ಮರುಕಳಿಸಿದರೆ ಕ್ರಮ ಜರುಗಿಸುವುದು.

ಆ ನೀರುಗಂಟಿಯ ಬಾಕಿ ವೇತನ ಪಾವತಿಯಾಯಿತು. ಎಚ್ಚರಿಕೆಯ ನೋಟಿಸನ್ನೂ ನೀಡಲಾಯಿತು. ನಂತರದ ತಿಂಗಳ ವಹಿಯಲ್ಲಿ ಒಂದು ದಿನದ ಸಾಲಿನಲ್ಲಿ ಅವನು “ಈ ದಿನ ಪುಡಿ ಹಾಕಿಲ್ಲ, ದಾಸ್ತಾನು ಮುಗಿದಿದೆ” ಎಂದು ಬರೆದಿದ್ದನು. ಪೂರ್ತಿ ತುಂಬಿದ ಹಿಂದಿನ ವಹಿಗಿಂತ ಆ ಒಂದು ಸಾಲು ಪಂಚಾಯಿತಿಗೆ ಹೆಚ್ಚು ಉಪಯುಕ್ತವಾಯಿತು. ಅಂದೇ ಪುಡಿ ತರಿಸಲಾಯಿತು.