ಮೂಲಚಿತ್ರವೂ ಕಲ್ಪಿತಚಿತ್ರವೂ

ಗಣಕಯಂತ್ರದ ಆಟಗಳಿಗೆ ಚಿತ್ರ ರಚಿಸುವ ಎನ್ವಿಡಿಯ ಗ್ರಾಫಿಕ್ಸ್ ಕಾರ್ಡುಗಳ ಡಿ.ಎಲ್.ಎಸ್.ಎಸ್. ಎಂಬ ತಂತ್ರದಲ್ಲಿ ಎರಡು ಭಿನ್ನ ವ್ಯಾಪಾರಗಳುಂಟು. ಮೊದಲನೆಯದು ವರ್ಧನ: 1920×1080 ಪಿಕ್ಸೆಲುಗಳ ಚಿತ್ರವನ್ನು, ಹಿಂದಿನ ಚಿತ್ರಗಳ ಆಧಾರದಿಂದ, 3840×2160ಕ್ಕೆ ಹಿಗ್ಗಿಸುವುದು. 2022ರಲ್ಲಿ ಸೇರಿದ ಎರಡನೆಯದು ಕಲ್ಪನ: ಆಟವು ರಚಿಸಿದ ಎರಡು ಚಿತ್ರಗಳ ನಡುವೆ ಮತ್ತೊಂದನ್ನು ಊಹಿಸಿ ಸೇರಿಸುವುದು. ಇದಕ್ಕಾಗಿ ಮುಂದಿನ ಮೂಲಚಿತ್ರವನ್ನು ತಡೆಹಿಡಿಯಬೇಕಾದುದರಿಂದ, ನೋಟವು ನಯವಾದರೂ ಆಟಗಾರನ ಕೈಚಲನೆಗೆ ದೊರೆಯುವ ಉತ್ತರವು ತುಸು ತಡವಾಗುವುದು.

2025ರಲ್ಲಿ ಒಂದು ಮೂಲಚಿತ್ರಕ್ಕೆ ಮೂರು ಕಲ್ಪಿತಗಳವರೆಗೆ ಅವಕಾಶವಾಯಿತು. ಹೀಗಿರಲಾಗಿ, ಸೆಕೆಂಡಿಗೆ 240 ಚಿತ್ರಗಳೆಂಬ ಲೆಕ್ಕದಲ್ಲಿ 60 ಮಾತ್ರವೇ ಮೂಲವಾಗಿರಬಹುದು. ತ್ರುಟಿತವಾದ ಓಲೆಯಲ್ಲಿ ಸಂಪಾದಕನು ಊಹಾಪಾಠವನ್ನು ಕಂಸದೊಳಗಿಡುವಂತೆ, ಇಲ್ಲಿಯೂ ಮೂಲ-ಕಲ್ಪಿತಗಳ ಸಂಖ್ಯೆಗಳನ್ನು ಬೇರೆಬೇರೆಯಾಗಿ ಹೇಳುವುದೇ ನ್ಯಾಯವು.